ಕೆಮ್ಮಿಗೊಂದು ಫಿಲ್ಟರು

ಯಂತ್ರ ನಿಂತದ್ದೇ ತಡ ಮನೆಯೊಳಗಿನ ಸದ್ದುಗಳೆಲ್ಲ ಒಂದೊಂದಾಗಿ ಎದ್ದು ಕೂತವು, ಫ್ರಿಜ್ಜಿನ ಗುರುಗುರು, ಬಿಸಿಲಿಗೆ ತಗಡಿನ ಮಾಡು ಟಕ್ಕೆನ್ನುವುದು, ಅತ್ತ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಗಂಡನ ಉಸಿರು — ಬರೀ ಉಸಿರು, ಕೆಮ್ಮಲ್ಲ, ಸದ್ಯ — ನೊಲೀನ್ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಆಲಿಸಿದಳು, ಡೆಸ್ ಮಗ್ಗುಲು ಬದಲಿಸಿದ, ಮಂಚ ಕಿರುಗುಟ್ಟಿತು, ಕೆಮ್ಮಲಿಲ್ಲ, ಒಳ್ಳೆಯದು, ಇನ್ನು ಬೇಗ ಬೇಗ ಮುಗಿಸಬೇಕು, ಕೆಂಪು ಧೂಳಿನ ಈ ಬಂದರೂರು ಹೆಡ್‌ಲ್ಯಾಂಡಿನಲ್ಲಿ ಜನವರಿಯ ಉರಿಬೇಸಿಗೆಯ ನಡುಹಗಲು ಏಸಿ ಆರಿಸುವವರು ಯಾರಿದ್ದಾರೆ, ಊರು ಬಿಟ್ಟು ಹೋಗುವವರೂ ಆರಿಸುವುದಿಲ್ಲ, ಪಕ್ಕದ ಮನೆಯವರು ಒಮ್ಮೆ ಆರಿಸಿ ಹೋಗಿ ಬಂದು ನೋಡಿದರೆ ಕಪಾಟಿನಲ್ಲಿದ್ದ ಮೇಣದ ಬತ್ತಿಗಳೆಲ್ಲ ಸೊಂಟ ಬಾಗಿಸಿ ನಿಂತಿದ್ದವಂತೆ, ಇರಲಿ, ಫಿಲ್ಟರು ಬದಲಿಸುವಷ್ಟು ಹೊತ್ತು ತಾನೆ, ಎಲ್ಲ ಈ ಫಿಲ್ಟರಿನದೇ ಕಿತಾಪತಿ, ಕಳೆದ ಜುಲೈನ ಚಳಿಗಾಲದಿಂದ ಡೆಸ್ ಕೆಮ್ಮುತ್ತಿರುವುದು ಇದರಿಂದಲೇ, ಇದನ್ನು ಯಾರಿಗೆ ಹೇಳಿ ಒಪ್ಪಿಸುವುದು, ಮಗಳು ಟ್ಯಾಮ್ಸಿನ್‌ಗಂತೂ ಸಾಧ್ಯವೇ ಇಲ್ಲ, ಜೆರಾಲ್ಡ್‌ಟನ್ನಿನ ಔಷಧಿ ಅಂಗಡಿಯಲ್ಲಿ ನಿಂತು ಲೋಕಕ್ಕೆಲ್ಲ ಬುದ್ಧಿ ಹೇಳುವವಳು ಅವಳು, ಅಮ್ಮಾ, ಇಷ್ಟು ತಿಂಗಳು ಇರೋ ಕೆಮ್ಮು ಸುಮ್ನೆ ಕೆಮ್ಮಲ್ಲ, ಅಪ್ಪ ಅಷ್ಟು ವರ್ಷ ಸಿಗರೇಟ್ ಸೇದಿದೋರು, ಎದೆ ಫೋಟೋ ತೆಗೆಸು ಅಂತ ಹೇಳ್ತಾನೇ ಇದ್ದೀನಿ, ಹೇಳಿ ಸುಮ್ಮನಾಗದೆ ಅಲ್ಲಿಂದಲೇ ಫೋನು ಮಾಡಿ ಇಲ್ಲಿಯ ಕ್ಲಿನಿಕ್ಕಿನಲ್ಲಿ ಇವತ್ತು ಸಂಜೆಗೆ ಅಪ್ಪನ ಹೆಸರು ಬರೆಸಿಬಿಟ್ಟಿದ್ದಳು, ಡೆಸ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ, ಫೋಟೋ ತೆಗೆದ್ರೆ ಏನಾದ್ರೂ ಕಂಡೇ ಕಾಣುತ್ತೆ ಕಣೆ, ಕಾಣ್ಲಿ ಅಂತ ತಾನೆ ಅವ್ರು ತೆಗೆಯೋದು, ಕಂಡರೆ ಹಡಗಿಗೆ ಅದಿರು ತುಂಬುವ ಯಂತ್ರದಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತಾರೆ, ಕುರ್ಚಿ ಬಿಸಿ ಮಾಡಲು ತಾನು ಹುಟ್ಟಿಲ್ಲ, ನೀನೇ ಫೋನ್ ಮಾಡಿ ಬೇಡ ಅಂದ್ಬಿಡು, ಬೆಳಿಗ್ಗೆ ಅವಳು ಮಾಡಿದಳು, ಬೇಡ ಅಂದಳು, ಯಾಕೆ ಮೇಡಂ ಎಂದು ಆ ಕಡೆಯ ಹುಡುಗಿ ಕೇಳಿದ್ದಕ್ಕೆ ನಮ್ಮನೆ ಏಸಿ ಫಿಲ್ಟರ್ ಹಾಳಾಗಿತ್ತು, ಬದಲಾಯಿಸ್ತಾ ಇದ್ದೀವಿ ಅಂದಳು, ಸರಿ ಎಂದು ಹುಡುಗಿ ಫೋನು ಇಟ್ಟಳು.

ಗಿಡ್ಡ ಏಣಿಯನ್ನು ಕೋಣೆಗಳ ನಡುವಿನ ಓಣಿಯಲ್ಲಿ ಸದ್ದಾಗದಂತೆ ಬಿಡಿಸಿ ಹತ್ತಿದಳು, ಮಂಡಿ ಬೈಯಿತು, ಬೈಯಲಿ, ಮನೆಯ ಗಾಳಿಯನ್ನೆಲ್ಲ ಏಸಿ ಎಳೆದುಕೊಳ್ಳುವ ಸೂರಿನ ಜಾಲರಿಯ ಚಿಲಕ ತಿರುಗಿಸಿದರೆ ಅದು ಬಾಗಿಲಿನ ಹಾಗೆ ಕೆಳಕ್ಕೆ ಜೋತುಬೀಳುತ್ತದೆ, ಬಿತ್ತು, ಅದರ ಮೇಲೆ ಫಿಲ್ಟರು, ಒಂದು ಕಾಲಕ್ಕೆ ಬಿಳಿಯಿತ್ತು ಎಂದರೆ ಯಾರೂ ನಂಬರು, ಈಗ ಕೆಂಪು ಕಂಬಳಿ, ಹೊಟ್ಟೆ ಜೋತುಬಿದ್ದಿದೆ, ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಎತ್ತಿ — ಮೆಲ್ಲಗೆ, ಮೆಲ್ಲಗೆ — ಚೀಲದ ಬಾಯಿಗೆ ತೂರಿಸಿದಳು, ಆದರೂ ಒಂದು ಹಿಡಿ ಧೂಳು ಕತ್ತಿನ ಮೇಲೆ ಸುರಿದೇ ಸುರಿಯಿತು, ನೋಡು ಟ್ಯಾಮ್ಸಿನ್, ನಿಮ್ಮಪ್ಪ ಉಸಿರಾಡಿದ್ದು ಇದನ್ನ, ಯಾವ ಎದೆ ಫೋಟೋ ಬೇಕು ನಿನಗೆ, ಇದರ ಫೋಟೋ ಕಳಿಸ್ತೀನಿ ತಗೋ, ಮನಸ್ಸಿನಲ್ಲೇ ಮಗಳ ಮೇಲೆ ಗೆದ್ದಳು, ಎದುರಿಗೆ ಗೆದ್ದದ್ದು ಯಾವತ್ತು, ಬಿಳಿ ಎಂಬ ಬಣ್ಣ ಈ ಊರಿಗೆ ಆಗಿಬರುವುದಿಲ್ಲ ಎನ್ನುವುದು ಇಲ್ಲೇ ಹುಟ್ಟಿದ ಆ ಹುಡುಗಿಗೆ ಗೊತ್ತಿಲ್ಲವೇ, ಬಿಳಿ ನಾಯಿ ಗುಲಾಬಿ ಆಗುತ್ತದೆ, ಬಿಳಿ ಕಾರು ಇಟ್ಟಿಗೆ ಆಗುತ್ತದೆ, ಮದುವೆಯ ದಿನ ಗಾಳಿ ಎದ್ದು ನೊಲೀನಳ ಉದ್ದ ಗೌನಿನ ಅಂಚು ಗೇಣುದ್ದ ಕೆಂಪಾಗಿ, ಅಯ್ಯೋ ಬಿಡು, ಈಗ ನೀನು ಈ ಊರಿನವಳಾದೆ ಎಂದು ಡೆಸ್ ನಕ್ಕಿದ್ದ, ಆಗ ಅವನು ನಕ್ಕರೆ ಕೆಮ್ಮು ಬರುತ್ತಿರಲಿಲ್ಲ, ಅವನ ಕರವಸ್ತ್ರಗಳನ್ನೇ ನೋಡು, ಕಾಗದದಲ್ಲಿ ಮೂಗು ಒರೆಸಲು ಒಲ್ಲದ ಮನುಷ್ಯ, ಕ್ರಿಸ್‌ಮಸ್ಸಿಗೆ ಬಿಳಿ ಕರವಸ್ತ್ರದ ಡಬ್ಬಿ ಬಿಟ್ಟು ಬೇರೇನು ಕೊಟ್ಟರೂ ಮುಖ ಗಂಟು, ಹೊಸ ವರ್ಷಕ್ಕೆ ಎಲ್ಲವೂ ಕೆಂಪು, ಮೂಗಿನ ಧೂಳು, ಬೆವರಿನ ಧೂಳು, ಕೆಮ್ಮಿನ ಧೂಳು, ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿ ಸಾಕಾಗಿ ಕೈಬಿಟ್ಟಿದ್ದಾಳೆ, ಕೆಂಪಾದದ್ದು ಕೆಂಪೇ, ಒಗೆದು ಮಡಿಸಿ ಅವನ ಜೇಬಿಗೆ ಇಡುವುದು, ಅವನು ಮತ್ತೆ ಕೆಂಪು ಮಾಡಿ ತರುವುದು, ಈಚೆಗೆ ಸ್ವಲ್ಪ ಜಾಸ್ತಿಯೇ ಕೆಂಪು, ಬೇಸಿಗೆ ಅಲ್ಲವೇ, ಬೇಸಿಗೆಯಲ್ಲಿ ಧೂಳು ಜಾಸ್ತಿ.

ಹೊಸ ಫಿಲ್ಟರಿನ ಚೌಕಟ್ಟಿನಲ್ಲಿ ಒಂದು ಬಾಣದ ಗುರುತು, ಗಾಳಿ ಹೋಗುವ ದಿಕ್ಕು, ಮೇಲಕ್ಕಿರಬೇಕು, ಹಿಂದಿನ ಸಲ ಡೆಸ್ ಅದನ್ನು ಕೆಳಮುಖ ಮಾಡಿ ಹಾಕಿ ನೆಲ ಎಲ್ಲಿದೆ ಅಂತ ತೋರಿಸೋಕೆ ಕಣೆ ಬಾಣ ಎಂದು ವಾದಿಸಿದ್ದ, ಈ ಸಲ ಅವಳೇ ಸರಿಯಾಗಿ ಕೂರಿಸಿದಳು, ಜಾಲರಿ ಎತ್ತಿ ಚಿಲಕ ಹಾಕಿದಳು, ಕೂತಿತು, ಒಳಗೆ ಬೆಳ್ಳಗೆ ಕಾಣುತ್ತಿದೆ, ಇವತ್ತು ರಾತ್ರಿಯಿಂದಲೇ ನಿಲ್ಲುತ್ತದೆ ಕೆಮ್ಮು, ಆದರೆ ತಕ್ಷಣ ಸ್ವಿಚ್ಚು ಹಾಕಬೇಡಿ, ಉದುರಿದ ಧೂಳು ನೆಲಕ್ಕೆ ಕೂರ್ಲಿ, ಇಲ್ದಿದ್ರೆ ಅದನ್ನೇ ಎಳ್ಕೊಂಡು ಹೊಸದೂ ಹಾಳು ಎಂದಿದ್ದ ಫಿಲ್ಟರು ಮಾರಿದ ಅಂಗಡಿಯವನು, ಕಾದಳು, ಸೆಕೆ ಗೋಡೆಗಳಿಂದ ಇಳಿದು ಬರುತ್ತಿದೆ, ಕತ್ತಿನ ಧೂಳು ಬೆವರಿಗೆ ಕಲಸಿ ಕೆಸರು, ಒಗೆಯುವ ಕೋಣೆಯ ನಲ್ಲಿಗೆ ಕೈ ಒಡ್ಡುವಂತಿಲ್ಲ, ಬೇಸಿಗೆ ಪೂರ್ತಿ ಅದರಲ್ಲಿ ಬರುವುದು ಚಹಾಕ್ಕೆ ಇಟ್ಟಂಥ ಬಿಸಿನೀರು, ಪೈಪು ಮಣ್ಣಿನಲ್ಲಿ ಮೇಲೆಮೇಲೆಯೇ ಹೋಗಿದೆ, ಒಲೆ ಹಚ್ಚದೆ ಬಟ್ಟೆ ಬೇಯಿಸಬಹುದು, ಬಾಗಿಲ ಬಳಿ ಡೆಸ್ ಬೆಳಿಗ್ಗೆ ಪಾಳಿಯಿಂದ ತಂದಿಟ್ಟ ಊಟದ ಐಸ್ ಪೆಟ್ಟಿಗೆ, ಮುಚ್ಚಳ ತೆಗೆದರೆ ಕರಗಿದ ನೀರಿನಲ್ಲಿ ಇನ್ನೂ ಎರಡು ಚೂರು ತೇಲುತ್ತಿವೆ, ಆಹಾ, ಒಗೆಯುವ ಬುಟ್ಟಿಯ ಮೇಲೆಯೇ ಬಿದ್ದಿದ್ದ ಅವನ ಕರವಸ್ತ್ರ ತೆಗೆದು ಅದರಲ್ಲಿ ಅದ್ದಿದಳು, ಕತ್ತಿಗೆ ಇಟ್ಟುಕೊಳ್ಳೋಣ ಎಂದು, ಅದ್ದಿದ ಕೈ ತಂಪಿಗೆ ಹಾಯೆನಿಸಿ ಅಲ್ಲೇ ಬಿಟ್ಟಳು, ನೀರಿನಲ್ಲಿ ಬಟ್ಟೆ ಬಿಚ್ಚಿಕೊಂಡಿತು, ಅದರಿಂದ ಒಂದು ಕೆಂಪು ನೂಲು ಹೊರಟಿತು, ಇನ್ನೊಂದು ಹೊರಟಿತು, ಹಗುರವಾಗಿ, ಐಸಿನ ಚೂರನ್ನು ಬಳಸಿಕೊಂಡು, ಧೂಳು ಹೀಗೆ ಹೋಗುವುದಿಲ್ಲವಲ್ಲ, ಧೂಳು ತಳಕ್ಕೆ ಕೂರುತ್ತದೆ, ಇಷ್ಟು ವರ್ಷ ತೊಳೆದವಳಿಗೆ ಧೂಳು ಗೊತ್ತಿಲ್ಲವೇ, ಎತ್ತಿ ನೋಡಿದಳು, ಬಟ್ಟೆಯ ನಡುವೆ ಅಂಗೈಯಗಲ ಬೆಳ್ಳಗಾಗಿತ್ತು, ತಿಕ್ಕದೆ, ನಿಂಬೆ ಇಲ್ಲದೆ, ತನ್ನಷ್ಟಕ್ಕೆ, ಅಂಚಿನ ಕೆಂಪು ಅಲ್ಲಾಡದೆ ಇತ್ತು — ಮಂಜಿನ ಬೆಳಗು, ಆಲ್ಬನಿಯ ತವರುಮನೆಯ ಹಿತ್ತಿಲು, ಮೈನೆರೆದ ಹೊಸತು, ನಾಚಿ ಬಟ್ಟೆಯನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಹೊರಟವಳ ಕೈ ಹಿಡಿದ ಅಮ್ಮ, ತಣ್ಣೀರಿಗೆ ಹಾಕು ಮಗಾ, ರಕ್ತಕ್ಕೆ ಯಾವತ್ತೂ ತಣ್ಣೀರು, ಬಿಸಿನೀರಿಗೆ ಹಾಕಿದ್ರೆ ಬೆಂದು ಅಲ್ಲೇ ಕೂತ್ಬಿಡುತ್ತೆ — ಅಂದರೆ ಆ ನಲ್ಲಿಯಲ್ಲಿ ಬೇಸಿಗೆ ಶುರುವಾದಾಗಿನಿಂದ ಒಗೆದದ್ದೆಲ್ಲ, ಬೇಯಿಸಿದ್ದೆಲ್ಲ, ಬೆಂದು ಕಂದಿ ಧೂಳಿನ ಬಣ್ಣಕ್ಕೇ ತಿರುಗಿ ಧೂಳಿನ ಪಕ್ಕದಲ್ಲೇ ಕೂತದ್ದನ್ನೆಲ್ಲ ಅವಳು ಮಡಿಸಿದಳು, ಇಸ್ತ್ರಿ ಮಾಡಿದಳು, ಅವನ ಜೇಬಿಗೆ ಇಟ್ಟಳು, ಅವನಿಗೆ ಗೊತ್ತಿತ್ತೇ, ಬಾಯಿಂದ ತೆಗೆದು ನೋಡಿದವನಿಗೆ ಗೊತ್ತಿರದೆ ಇರುತ್ತದೆಯೇ, ಅಥವಾ ಅವನೂ ಧೂಳು ಅಂದುಕೊಂಡನೇ, ಅಂದುಕೊಳ್ಳುವುದು ಇಲ್ಲಿ ಎಷ್ಟು ಸುಲಭ.

ನೊಲೀನ್, ಕೋಣೆಯಿಂದ ಅವನ ನಿದ್ದೆಗಣ್ಣಿನ ದನಿ, ಬೇಯ್ತಾ ಇದೀನಿ ಕಣೆ ಇಲ್ಲಿ, ಆಯ್ತಾ ನಿಂದು, ಆಯ್ತು ಅಂದಳು, ಎದ್ದು ಹೋಗಿ ಸ್ವಿಚ್ಚು ಒತ್ತಿದಳು, ಸೂರಿನೊಳಗೆ ಯಂತ್ರ ಗಂಟಲು ಸರಿಮಾಡಿಕೊಂಡು ಹೊರಟಿತು, ತಂಪು ಇಳಿಯತೊಡಗಿತು, ಆಹಾ, ಅಂದ ಡೆಸ್, ನೋಡ್ತಿರು, ಇನ್ನು ಕೆಮ್ಮು ನಿಂತ ಹಾಗೇ, ಆ ನಿನ್ ಮಗಳಿಗೂ ಹೇಳು, ಹೇಳಿದವನೇ ಕೆಮ್ಮಿದ, ಉದ್ದಕ್ಕೆ, ಆಮೇಲೆ ಏನನ್ನೋ ಒರೆಸಿಕೊಂಡ ಸದ್ದು, ಅವಳು ಫೋನಿಗೆ ಕೈ ಹಾಕಿದಳು, ಬೆಳಿಗ್ಗೆ ಮಾಡಿದ ಕ್ಲಿನಿಕ್ಕಿನ ನಂಬರು ಎಲ್ಲಕ್ಕಿಂತ ಮೇಲಿರುತ್ತದೆ, ಒತ್ತಿದರೆ ಆಯಿತು, ಸಂಜೆ ಇನ್ನೂ ಆಗಿಲ್ಲ, ಬರ್ತೀವಿ ಅಂದರೆ ಆಯಿತು, ಬೆರಳು ಒದ್ದೆ, ಒತ್ತಿದರೆ ಫೋನು ಕೇಳುತ್ತಿಲ್ಲ, ಒರೆಸಿಕೊಳ್ಳಬೇಕು, ಒರೆಸಿಕೊಳ್ಳಲು ಕೈಯಲ್ಲಿರುವುದು ಆ ಕರವಸ್ತ್ರವೊಂದೇ, ನೀರು ತೊಟ್ಟಿಕ್ಕುತ್ತಿದೆ, ಅಂಚೆಲ್ಲ ಕೆಂಪು, ನಡುವೆ ಬಿಳಿ, ಅಂಗೈಯಗಲದ ಬಿಳಿ, ಈ ಊರಿನಲ್ಲಿ ಇನ್ನೆಲ್ಲೂ ಇಲ್ಲದ ಬಿಳಿ.