ಉಬ್ಬರ ಇಳಿಯುವವರೆಗೆ

ಮಾರ್ಗಶಿರದ ಮುಂಜಾವು ಕುಮಟೆಯ ಕಡಲಂಚಿಗೆ ಬರುವ ರೀತಿಯೇ ಬೇರೆ. ಬೆಳಕು ಮೊದಲು ಗುಡ್ಡದ ನೆತ್ತಿಯ ಹಣ್ಣಾದ ಹುಲ್ಲನ್ನು ಸವರಿ, ಅಲ್ಲಿಂದ ಒಂದೇ ನೆಗೆತಕ್ಕೆ ದೂರದ ದಿಗಂತರೇಖೆಯನ್ನು ಹೊಂಬಣ್ಣದಲ್ಲಿ ಅದ್ದುತ್ತದೆ. ಕರಿಬಂಡೆಗಳ ಬುಡದ ನೀರು ಮಾತ್ರ ಬಹಳ ಹೊತ್ತು ನೀಲಾಂಧಕಾರದಲ್ಲೇ ಉಳಿದು, ತನ್ನ ಪಾಲಿನ ಉಷಸ್ಸಿಗಾಗಿ ಉಸಿರು ಹಿಡಿದು ಕಾಯುತ್ತಿರುತ್ತದೆ... ಊರಿಲ್ಲ, ದಾರಿಯಿಲ್ಲ, ಇಳಿಜಾರಿನ ಮುಳ್ಳುಪೊದೆಗಳ ನಡುವೆ ಹಿಂದೆ ಹೋದವರ ಹೆಜ್ಜೆ ಸವೆಸಿದ ಗೆರೆಯೊಂದೇ ಗುರುತು. ಅದರ ಆಚೆಗೆ ಅನಾದಿಯ ಆ ಗಂಭೀರ ಘೋಷ!

ಸಹೃದಯರೇ, ಮಲೆಯ ಮಕ್ಕಳಿಗೆ ಕಡಲೆಂದರೆ ವಿಚಿತ್ರ ಬಂಧು. ಶೃಂಗೇರಿಯ ಮೇಲಿನ ಘಟ್ಟದ ತುದಿಯಲ್ಲಿ ನಿಂತರೆ ತಿಳಿಯಾದ ಸಂಜೆಗಳಲ್ಲಿ ಅದು ಬೆಳ್ಳಿಯ ಎಳೆಯಾಗಿ ಕಾಣುತ್ತದೆ. ಆದರೆ ಅವರ ತುಂಗೆ ಅಷ್ಟು ಸಮೀಪದ ಆ ಕಡಲಿಗೆ ಬೆನ್ನು ಹಾಕಿ, ಮೂಡಣದ ದೂರದ ಕಡಲನ್ನು ಅರಸಿ ಹೊರಟುಬಿಡುತ್ತಾಳೆ. ಹತ್ತಿರದಲ್ಲಿದ್ದೂ ಸೇರದಿರುವುದು ನೀರಿಗಷ್ಟೇ ಬಂದ ಕಷ್ಟವಲ್ಲ. ಅಂದು ಆ ಬಂಡೆದಾರಿಯಲ್ಲಿ ಗೋಕರ್ಣದತ್ತ ನಡೆಯುತ್ತಿದ್ದ ಕೊಪ್ಪದ ಚಾರಣ ಬಳಗದ ಕಟ್ಟಕಡೆಯಲ್ಲಿ, ಒಬ್ಬರ ಹಿಂದೊಬ್ಬರಾಗಿ ಮೌನವಾಗಿ ಬರುತ್ತಿದ್ದ ಅಪೂರ್ವಾ ಮತ್ತು ಅನಂತಕೃಷ್ಣರೂ ಹಾಗೆಯೇ ಇದ್ದರು.

ಹರಿಹರಪುರದ ದಂಪತಿಗಳು ಅವರು. ಅವಳು ಕೊಪ್ಪದ ಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕಿ. ಅವನು ಶೃಂಗೇರಿಯ ಪಾಠಶಾಲೆಯೊಂದರಲ್ಲಿ ವೇದಪಾಠ ಹೇಳುವವನು. ಪಂಚೆ ಬಿಟ್ಟು ಬೇರೆ ಉಟ್ಟವನಲ್ಲ. ಈಗ ಹೊಸ ಪ್ಯಾಂಟು, ಕಚ್ಚುವ ಬೂಟು ತೊಟ್ಟು ಬಂದಿದ್ದ. ಸಹೋದ್ಯೋಗಿ ಪುಟ್ಟಕ್ಕ ಟೀಚರು ಒತ್ತಾಯಿಸಿದ್ದಕ್ಕೆ ಅಪೂರ್ವಾ ಹೊರಟಿದ್ದಳು. "ನಾನೂ ಬರಲಾ?" ಎಂದು ಅವನು ಕೇಳಿದ್ದ, ಅಪರಿಚಿತರ ಪಕ್ಕದ ಖಾಲಿ ಸೀಟಿಗೆ ಅನುಮತಿ ಕೇಳುವವನಂತೆ.

ಎರಡು ವರ್ಷಗಳ ಕೆಳಗೆ, ತಿಂಗಳು ತುಂಬಿದ ಮೇಲೆ, ಅವರ ಹೆಣ್ಣುಕೂಸು ಉಸಿರಿಲ್ಲದೆ ಹುಟ್ಟಿತ್ತು. ಶಸ್ತ್ರಚಿಕಿತ್ಸೆಯ ಮಂಪರಿನಿಂದ ಅಪೂರ್ವಾ ಕಣ್ಣು ತೆರೆಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಮಣ್ಣು ಕೂಡ ಮುಚ್ಚಿಯಾಗಿತ್ತು. ಒಂಬತ್ತು ತಿಂಗಳು ತನ್ನೊಳಗೆ ಹೊರಳಿದ ಜೀವದ ಮುಖವನ್ನು ಅವಳು ಕಾಣಲೇ ಇಲ್ಲ. ಕಂಡವನು ಅವನೊಬ್ಬನೇ. "ಅವಳ ಎದುರು ಆ ಮಾತು ಎತ್ತಬೇಡ" ಎಂದು ಅತ್ತೆ ಲಲಿತಮ್ಮ ಮಗನಿಗೆ ಹೇಳಿದ್ದರು, ಸೊಸೆಯ ಮೇಲಿನ ಕಕ್ಕುಲಾತಿಯಿಂದಲೇ. ಅವನು ಅದನ್ನು ವ್ರತದಂತೆ ಪಾಲಿಸಿದ. ಅವಳು ಆ ಮೌನವನ್ನು ಮರೆವೆಂದು ತಿಳಿದಳು. ಅಂದಿನಿಂದ ಅವರ ಮಾತು ಊಟ, ಬಸ್ಸು, ಮಳೆಗಳ ಸೌಜನ್ಯದಲ್ಲೇ ಸುತ್ತುತ್ತಿತ್ತು. ಶರತ್ಕಾಲದ ಬಿಳಿಮೋಡಗಳಂತೆ ಬಂದು, ಒಂದು ಹನಿಯನ್ನೂ ಸುರಿಸದೆ ಹೋಗುವ ಮಾತುಗಳು... ರಾತ್ರಿ ಪಕ್ಕದಲ್ಲಿ ಮಲಗಿದವನ ಮುಚ್ಚಿದ ಕಣ್ಣುಗಳನ್ನು ನೋಡುವಾಗ ಅವಳಿಗೆ ಅನಿಸುತ್ತಿತ್ತು: ಆ ಕಣ್ಣುಗಳ ಹಿಂದೆ ಎಲ್ಲೋ ನನ್ನ ಮಗಳಿದ್ದಾಳೆ.

ಹೊತ್ತು ಏರಿದಂತೆ ದಾರಿ ಕಡಲಿಗೆ ಇಳಿಯಿತು. ಕಡಲಿಗೆ ಚಾಚಿದ ಬಂಡೆಯ ಮೂಗೊಂದನ್ನು ನೀರಿನ ಪಕ್ಕದಿಂದಲೇ ಬಳಸಿ ದಾಟಬೇಕಿತ್ತು. ಮುಂದಿದ್ದವರು ದಾಟಿ ಮರೆಯಾದರು. ಬೂಟು ಕಚ್ಚಿದ ಕಾಲನ್ನು ಎಳೆಯುತ್ತಾ ಅನಂತಕೃಷ್ಣ ಹಿಂದುಳಿದ. ಅವನಿಗಾಗಿ ಅವಳು ನಿಂತಳು. ಅಷ್ಟರಲ್ಲಿ ಉಬ್ಬರ ಏರತೊಡಗಿತ್ತು. ಒಂದು ಅಲೆ ಬಂಡೆಯ ಬುಡವನ್ನು ತೊಳೆದು ಹಿಂದಿರುಗಿತು. ಮತ್ತೊಂದು ಹಿಂದಿರುಗಲೇ ಇಲ್ಲ. ಕ್ಷಣಗಳಲ್ಲಿ ಮುಂದಿನ ದಾರಿಯೂ ಬಂದ ದಾರಿಯೂ ನೊರೆಯಡಿಗೆ ಸೇರಿದವು. ಅವಳು ಮೇಲಿನ ಚಾಚುಗಲ್ಲಿಗೆ ಹತ್ತಿ ಕೈ ಚಾಚಿದಳು. ಅವನು ಜಾರಿದ, ಮೊಣಕಾಲು ತರಚಿತು. ಅವಳು ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಮೇಲೆಳೆದುಕೊಂಡಳು. ಬಹುಕಾಲದ ನಂತರದ ಸ್ಪರ್ಶವದು.

ಬಳಗಕ್ಕೆ ದಾರಿ ತೋರಿಸುತ್ತಿದ್ದ ಕರಾವಳಿಯ ಹುಡುಗ ಗಜಾನನನ ಕೂಗು ಗುಡ್ಡದ ಮೇಲಿನಿಂದ ಕೇಳಿಸಿತು. "ಅಲ್ಲೇ ಕೂತ್ಕಳಿ ಮಾರಾಯ್ರೆ, ನೀರು ಅಷ್ಟು ಮೇಲೆ ಬರೂದಿಲ್ಲ. ಇಳಿತ ಆದ್ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೆ."

ಇಬ್ಬರೇ ಕೂರಬಹುದಾದ ಇಕ್ಕಟ್ಟಿನ ಕಲ್ಲು. ಕೆಳಗೆ ಸಮುದ್ರ ಸಹಸ್ರಮುಖವಾಗಿ ಒಡೆಯುತ್ತಿತ್ತು; ತುಂತುರಿನಲ್ಲಿ ಬಿಸಿಲು ಚೂರುಚೂರಾಗಿ ಅವರ ಮುಖಕ್ಕೆ ಸಿಡಿಯುತ್ತಿತ್ತು.

"ಹೆದರಿಕೆ ಆಗ್ತಿದೆಯಾ?" ಅವನು ಕೇಳಿದ.

"ಇಲ್ಲ. ನಿಮಗೆ?"

"ಆಗ್ತಿದೆ."

ಅವನು ಹಾಗೆ ಒಪ್ಪಿಕೊಂಡದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆ ಒಂದು ಪದದ ಸಂದಿಯಿಂದ ಅವಳ ಎರಡು ವರ್ಷಗಳ ಹಂಬಲ ತಾನಾಗಿ ಹೊರಬಂತು.

"ನೀವು ಅವಳನ್ನ ನೋಡಿದ್ರಲ್ಲ... ಹೇಗಿದ್ಲು?"

ಅವನು ಅವಳತ್ತ ತಿರುಗಿದ. "ನೀನು ಕೇಳೋದೇ ಇಲ್ಲ ಅಂದ್ಕೊಂಡಿದ್ದೆ."

"ನೀವು ಹೇಳೋದೇ ಇಲ್ಲ ಅಂತ ನಾನು."

"ತಲೆ ತುಂಬ ಕೂದಲಿತ್ತು. ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಎಡಗಿವಿಯ ಅಂಚು ಒಳಗೆ ಮಡಚಿತ್ತು. ಬೆರಳಲ್ಲಿ ಬಿಡಿಸಿದೆ, ಮತ್ತೆ ಮಡಚಿಕೊಳ್ತು. ಗಲ್ಲ ನಿನ್ನದೇ."

"ಎತ್ತಿಕೊಂಡ್ರಾ?"

"ಹ್ಞೂಂ. ವಾಪಸ್ ಕೊಡಿ ಅಂತ ನರ್ಸ್ ಕೇಳಿದರೆ ಕೊಡೋಕೆ ಮನಸ್ಸೇ ಬರಲಿಲ್ಲ. ಕಿವಿಯಲ್ಲಿ ಹೆಸರು ಹೇಳಿದೆ, ಅಪೂರ್ವಾ. ಶಾಸ್ತ್ರದಲ್ಲಿ ಅದಕ್ಕೆ ಜಾಗ ಇದೆಯೋ ಇಲ್ಲವೋ, ನೋಡಲಿಲ್ಲ."

"ಎಂತ ಹೆಸರು?"

ಅವನು ಹೇಳಿದ. ಅಲೆಯೊಂದು ಅಪ್ಪಳಿಸಿ ಅದನ್ನು ನುಂಗಿತು.

"ಕೇಳಿಸಲಿಲ್ಲ."

"ಮೇದಿನಿ." ನಿತ್ಯ ಮಂತ್ರ ಹೇಳಿ ಪಳಗಿದ ಆ ಕಂಠ ಮೂರಕ್ಷರಕ್ಕೆ ಒಡೆದುಹೋಯಿತು. ಅವನು ಅತ್ತ. ಆಸ್ಪತ್ರೆಯಲ್ಲಿ ಅಳದವನು, ಮಣ್ಣು ಹಾಕುವಾಗ ಅಳದವನು, ಕಡಲಿನ ಎದುರು ಮಳೆಗಾಲದ ಮೊದಲ ಮಳೆಯಂತೆ ತಡೆಯಿಲ್ಲದೆ ಅತ್ತ. ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡು, ಆ ಹೆಸರನ್ನು ತನ್ನ ನಾಲಿಗೆಯ ಮೇಲೆ ಮೊದಲ ಬಾರಿಗೆ ಇಟ್ಟು ನೋಡಿದಳು. ಮೇದಿನಿ... ಇನ್ನೊಮ್ಮೆ, ತುಸು ಗಟ್ಟಿಯಾಗಿ.

ಸೂರ್ಯ ಪಡುವಣಕ್ಕೆ ವಾಲುವಾಗ ನೀರು ಇಳಿಯಿತು. ಗಜಾನನ ಮಾತು ಕೊಟ್ಟಂತೆ ಬಂದ. ಬಂಡೆಯಾಚೆ ಫ್ಲಾಸ್ಕಿನ ಚಹಾ ಹಿಡಿದು ಕಾಯುತ್ತಿದ್ದ ಪುಟ್ಟಕ್ಕ ಇಬ್ಬರ ಮುಖವನ್ನೂ ನೋಡಿ ಲೋಟ ಮುಂದೆ ಮಾಡಿದಳು.

ಗೋಕರ್ಣದ ದಡಕ್ಕೆ ದಾಟಲು ಅಘನಾಶಿನಿ ನದಿಯ ಅಳಿವೆಯಲ್ಲಿ ದೋಣಿ ಹತ್ತಿದ ಮೇಲೆ, ಮೋಟಾರಿನ ಸದ್ದಿನ ಮರೆಯಲ್ಲಿ ಅಪೂರ್ವಾ ಮೆಲ್ಲನೆ ಕೇಳಿದಳು: "ಕಣ್ಣು ಯಾವ ಬಣ್ಣ ಇತ್ತು?"

"ಮುಚ್ಚಿತ್ತು," ಎಂದ ಅವನು. "ಅದು ನನಗೂ ಗೊತ್ತಿಲ್ಲ."

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಇಷ್ಟು ದಿನ ಅವನು ಕಂಡದ್ದು ಅವಳಿಗೆ ಕಾಣದೆ, ಅವಳು ಹೊತ್ತದ್ದು ಅವನಿಗೆ ತಿಳಿಯದೆ ಉಳಿದಿತ್ತು; ಈಗ ಇಬ್ಬರಿಗೂ ಕಾಣದ ಒಂದು ಬಣ್ಣ ಅವರ ನಡುವೆ ಇತ್ತು, ಇಬ್ಬರೂ ಸೇರಿ ಊಹಿಸಬೇಕಾದದ್ದು.

ಮನುಷ್ಯಹೃದಯದ ಕೆಲವು ಹಂಬಲಗಳಿಗೆ ತೀರವಿಲ್ಲ. ಅವು ತೀರಲೆಂದು ಯಾರೂ ಬಯಸುವುದೂ ಇಲ್ಲ. ತೀರಿದರೆ ಪ್ರೀತಿಸಿದ್ದೇ ಅಳಿದುಹೋದೀತೆಂಬ ಭಯ. ಆದರೆ ಅದೇ ಹಂಬಲವನ್ನು ಅದೇ ಹೆಸರಿನಿಂದ ಕರೆಯುವ ಇನ್ನೊಂದು ಕಂಠ ಪಕ್ಕದಲ್ಲಿದ್ದರೆ, ಎಂಥ ಅಗಾಧ ಜಲರಾಶಿಯ ಮೇಲೂ ಪುಟ್ಟದೊಂದು ದೋಣಿಯಲ್ಲಿ ಕುಳಿತು, ಅಂಜದೆ, ಮುಳುಗುವ ಬೆಳಕನ್ನು ನೋಡುತ್ತಿರಬಹುದು...