ಬಡಿದಷ್ಟೂ ಬಿಗಿ

ನಮ್ಮ ಮಿಲ್ಲಿನ ತಗಡಿನ ಕಣಜದಲ್ಲಿ ಕಾಳು ಕೆಳಗಿಳಿಯದೆ ಸಿಕ್ಕಿಕೊಂಡರೆ ಒಂದೇ ಮದ್ದು: ಹೊರಗಿನಿಂದ ತಗಡಿಗೆ ಬಡಿಯುವುದು. ಇಳಿದರೆ ಮಾಲೀಕನ ಜಾಣತನ, ಇಳಿಯದಿದ್ದರೆ ನಮ್ಮ ಸೋಮಾರಿತನ. ಅವತ್ತು ಎಷ್ಟು ಬಡಿದರೂ ಇಳಿಯಲಿಲ್ಲ. "ಒಳಗಿಳಿದು ಕೋಲಲ್ಲಿ ಕೆದಕೋ" ಎಂದು ಮಾಲೀಕ ನನ್ನ ತಮ್ಮನನ್ನು ಕಳಿಸಿದ. ಸೊಂಟಕ್ಕೊಂದು ಹಗ್ಗವೂ ಇಲ್ಲ. ಅವನು ನಿಂತಿದ್ದ ಕಾಳಿನ ಗಟ್ಟಿ ಪದರ ಕುಸಿದು ಎದೆಮಟ್ಟ ಹೂತುಹೋದ.

ಕಿರುಚಾಟ ಕೇಳಿ ನಾನು ಚೀಲ ತುಂಬುವುದನ್ನು ಬಿಟ್ಟು ಏಣಿ ಹತ್ತಿ ಇಣುಕಿದೆ. "ಅಕ್ಕಾ, ಕಾಲು ಅಲ್ಲಾಡ್ತಿಲ್ಲ" ಅಂದ. ಅಷ್ಟರಲ್ಲಿ ಕೆಳಗಿನಿಂದ ಮಾಲೀಕನ ಕೂಗು: "ಎಲ್ಲಾ ಸೇರಿ ಬಡೀರೋ! ಕಾಳು ಸಡಿಲ ಆಗುತ್ತೆ, ಅವನೇ ಎದ್ದು ಬರ್ತಾನೆ!"

ಕೂಲಿಯವರೆಲ್ಲ ಬಡಿದರು. ಒಂದೊಂದು ಏಟಿಗೂ ಕಾಳು ಸರಿದು ಅವನ ಪಕ್ಕೆಗೆ ಒತ್ತಿಕೊಂಡಿತು. ಅವನು ಉಸಿರು ಬಿಟ್ಟಾಗ ಎದೆ ತಗ್ಗಿದ ಜಾಗಕ್ಕೂ ನುಗ್ಗಿತು. ಮತ್ತೆ ಉಸಿರೆಳೆಯಲು ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇವರೆಲ್ಲ ದಿನಾ ಮಾಡುವುದೇನು? ಬಾಯಿಮಟ್ಟ ತುಂಬಿದ ಚೀಲವನ್ನು ನೆಲಕ್ಕೆ ಕುಕ್ಕಿ, ಕಾಳು ಕೂತು ತಗ್ಗಿದ ಮೇಲೆ ಇನ್ನಷ್ಟು ಸುರಿಯುವುದು. ಕುಕ್ಕಿದರೆ ಚೀಲ ಕಲ್ಲಾಗುತ್ತದೆಂದು ಕೈಗೆ ಗೊತ್ತು, ತಲೆಯಲ್ಲಿ ಮಾತ್ರ ಬರೀ ಮಣ್ಣು!

"ನಿಲ್ಲಿಸ್ರೋ! ಅವನೇನು ಚೀಲಾನಾ, ಕುಕ್ಕಿ ತುಂಬೋಕೆ?" ಗಂಟಲು ಹರಿಯುವಂತೆ ಕೂಗಿದೆ. ಕೈಗಳು ನಿಂತವು. ನಾನು ಇಳಿದು, ಪಾನಾ ತೆಗೆದುಕೊಂಡು, ಹೊರಗಡೆ ಅವನ ಎದೆಯ ಎತ್ತರಕ್ಕಿದ್ದ ತಗಡಿನ ಬೋಲ್ಟು ಬಿಚ್ಚತೊಡಗಿದೆ. ಮಾಲೀಕ ಓಡಿ ಬಂದ.

"ಏನಮ್ಮಾ, ತಲೆ ಕೆಟ್ಟಿದೆಯಾ? ಕಾಳೆಲ್ಲ ಮಣ್ಣುಪಾಲಾಗುತ್ತೆ!"

"ದೂರ ಸರೀರಿ. ಇಲ್ಲದಿದ್ರೆ ಈ ಪಾನಾ ನಿಮ್ಮ ತಲೆ ಮೇಲೆ ಬೀಳುತ್ತೆ."

ಸರಿದ. ಚೀಲ ಸಾಗಿಸಲು ಬಂದಿದ್ದ ಲಾರಿ ಡ್ರೈವರ್ ಎದುರು ಬದಿಯ ಬೋಲ್ಟುಗಳಿಗೆ ಕೈ ಹಾಕಿದ. ತಗಡುಗಳು ಬಾಯಿ ಬಿಟ್ಟವು, ಕಾಳು ಎರಡೂ ಕಡೆ ಧೋ ಎಂದು ಅಂಗಳಕ್ಕೆ ಸುರಿಯಿತು. ಕಿಂಡಿಯಿಂದ ತಮ್ಮನನ್ನು ಎಳೆದುಕೊಂಡೆವು. ಅವನ ತುಟಿ ನೀಲಿಗಟ್ಟಿತ್ತು. ಗೋಡೆಗೆ ಒರಗಿ ಬಹಳ ಹೊತ್ತು ಬರೀ ಉಸಿರಾಡಿದ.

ಆಮೇಲೆ ಅಂಗಳ ನೋಡಿದ. ಮಾಲೀಕನ ಕಡೆ ತಿರುಗಿ, "ತಪ್ಪಾಯ್ತು ಧಣಿ. ಎಲ್ಲಾ ಚೆಲ್ಲಿಹೋಯ್ತು. ನಾನೇ ಗುಡಿಸಿ ತುಂಬ್ತೀನಿ" ಅಂದ.

ಮಾಲೀಕ ತಲೆಯಾಡಿಸಿದ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನಂತೆ. ಆದರೆ ನನಗೆ ಅವನ ಮೇಲಿಗಿಂತ ಹೆಚ್ಚು ಸಿಟ್ಟು ಬಂದದ್ದು ತಮ್ಮನ ಮೇಲೆ. ಕೆನ್ನೆಗೆ ಹೊಡೆಯಲು ಕೈ ಎತ್ತಿದೆ. ಅವನು ಹೆದರಿ ಕಣ್ಣು ಮುಚ್ಚಿಕೊಂಡ, ಅದೇ ಕೈಯಿಂದ ಅವನನ್ನು ಅವಚಿಕೊಂಡೆ.

"ನೀನೇನು ತಪ್ಪು ಮಾಡಿದ್ಯೋ, ಮೂರ್ಖ? ಬದುಕಿ ಉಳಿದಿದ್ದೇ ತಪ್ಪಾ?"