ನೂರು ಗಜದ ಹಳದಿ ಗೆರೆ

ಮರಡಿಕೊಪ್ಪಲಿನಲ್ಲಿ ಹೊಗೆಸೊಪ್ಪಿನ ವಾಸನೆ ಬಾರದ ಜಾಗ ಒಂದೇ, ನಮ್ಮ ಶಾಲೆಯ ಬೀರು. ಅದರೊಳಗೆ ಇಲಿಯ ವಾಸನೆ. ಬಿಳಿಕೆರೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಈ ಊರಿನಲ್ಲಿ ಆಗಸ್ಟ್ ಬಂತೆಂದರೆ ಬ್ಯಾರನ್‌ಗಳು ಉರಿಯಲು ಶುರು. ಬ್ಯಾರನ್ ಎಂದರೆ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ಹಳದಿ ಬಣ್ಣ ಬರುವ ತನಕ ಬೇಯಿಸುವ ಎತ್ತರದ ಮನೆ. ನಾನು ಮಿರ್ಲೆ ಕಡೆಯವನು. ನಮ್ಮದು ನಾಲೆ ನೀರು, ಭತ್ತ, ಕಬ್ಬು. ಇಲ್ಲಿಗೆ ಮೇಷ್ಟ್ರಾಗಿ ಬಂದ ಮೊದಲ ವಾರ ತಲೆನೋವು ಬಂತು, ಎರಡನೆಯ ವಾರ ಹಸಿವು ಹೋಯಿತು, ಮೂರನೆಯ ವಾರ ಎರಡೂ ಸರಿಯಾದವು. ಈಗ ಭಾನುವಾರ ಊರಿಗೆ ಹೋದರೆ ನಮ್ಮಮ್ಮ ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ.

ಇಲ್ಲಿನ ಸೊಪ್ಪು ಹರಾಜು ಕಟ್ಟೆಗೆ ಹೋಗಿ, ಅಲ್ಲಿಂದ ಯಾವ ದೇಶದವರ ಸಿಗರೇಟಿಗೆ ಸೇರುತ್ತದೋ ಬೆಳೆದವರಿಗೆ ಗೊತ್ತಿಲ್ಲ. ಅವರು ಸೇದುವುದು ಬೀಡಿ. ಆ ಬೀಡಿ ಸಿಗುವುದು ಸುಂದ್ರಮ್ಮನವರ ಪೆಟ್ಟಿಗೆ ಅಂಗಡಿಯಲ್ಲಿ, ಶಾಲೆಯ ಗೇಟಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಊರಿನಲ್ಲಿ ಇರುವುದು ಅದೊಂದೇ ಅಂಗಡಿ.

ಇಂಥ ಊರಿನ ಶಾಲೆಗೆ ಸೆಪ್ಟೆಂಬರ್‌ನಲ್ಲಿ ಒಂದು ಆದೇಶ ಬಂತು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಪದಾರ್ಥ ಮಾರುವಂತಿಲ್ಲ. ನೂರು ಗಜ ಮುಗಿಯುವ ಕಡೆ ರಸ್ತೆಗೆ ಅಡ್ಡಲಾಗಿ ಹಳದಿ ಗೆರೆ ಎಳೆದು, ‘ತಂಬಾಕು ಮುಕ್ತ ವಲಯ’ ಎಂದು ಬರೆದು, ಫೋಟೊ ಕಳಿಸಬೇಕು. ಒಂದು ವಾರ ಸಮಯ. ನಮ್ಮ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಫೋನ್ ಮಾಡಿದೆ.

“ಸರ್, ಇಲ್ಲಿ ಊರಿಗೂರೇ ತಂಬಾಕು.”

“ಊರಿನ ವಿಷಯ ನಿಮಗ್ಯಾಕ್ರೀ? ಗೇಟಿನಿಂದ ಅಳೀರಿ, ರಸ್ತೆ ಮೇಲೆ ಎಳೀರಿ. ಫೋಟೊದಲ್ಲಿ ಮಾತ್ರ ಬ್ಯಾರನ್ ಬೀಳದಂಗೆ ನೋಡ್ಕೊಳ್ಳಿ.”

ಶಾಲೆಯಲ್ಲಿ ಇರುವುದು ನಾವಿಬ್ಬರೇ, ನಾನು ಮತ್ತು ಮೀನಾ ಮೇಡಂ. ಮೇಡಂ ಐದನೇ ತರಗತಿಯ ಗಣಿತದ ಪೀರಿಯಡ್ಡನ್ನು ಇದಕ್ಕೇ ಬಿಟ್ಟುಕೊಟ್ಟರು. ಗಜವನ್ನು ಮೀಟರಿಗೆ ಬದಲಾಯಿಸುವ ಲೆಕ್ಕ ಮಾಡಿಸಿ, ಮಕ್ಕಳ ಕೈಗೆ ಟೇಪು ಕೊಟ್ಟು ರಸ್ತೆಗಿಳಿದೆವು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ದೊಡ್ಡಬೀರಯ್ಯ ಬಂದರು. ಇವರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ನಿವೃತ್ತರಾದವರು. ಬೇರೆಯವರು ಎದುರಾದರೆ ಊಟ ಆಯ್ತಾ ಎನ್ನುತ್ತಾರೆ, ಇವರು ಅಳತೆ ಹೇಳುತ್ತಾರೆ. ‘ಮೇಷ್ಟ್ರೇ, ನಿಮ್ ಬೈಕು ಬಾಗ್ಲಿಂದ ಏಳಡಿ’ ಎನ್ನುವುದು ಅವರ ನಮಸ್ಕಾರ. ಮಗಳ ಮದುವೆಯ ಚಪ್ಪರದಲ್ಲಿ ಗಂಡಿನ ಕಡೆಯವರ ಪಂಕ್ತಿ ಎರಡಡಿ ಉದ್ದವಾಗಿದೆಯೆಂದು ಎಲೆ ಹಾಕಿದ ಮೇಲೆ ಎಬ್ಬಿಸಿದ್ದರಂತೆ.

“ಟೇಪು ಜಗ್ತದೆ ಮೇಷ್ಟ್ರೇ. ಕಾಲು ಜಗ್ಗಲ್ಲ,” ಎಂದು ನಮ್ಮ ಪಕ್ಕದಲ್ಲೇ ಹೆಜ್ಜೆ ಎಣಿಸುತ್ತ ನಡೆದರು. ಸುಂದ್ರಮ್ಮನವರ ಅಂಗಡಿಯ ಮುಂದೆ ನಿಂತರು. “ನಲವತ್ತೊಂದು ಗಜ.”

ಟೇಪಿನ ಮೀಟರನ್ನು ಮಕ್ಕಳು ಗಜಕ್ಕೆ ತಿರುಗಿಸಿದಾಗಲೂ ಅದೇ ಬಂತು.

ಸುಂದ್ರಮ್ಮ ಪೆಟ್ಟಿಗೆಯೊಳಗಿಂದ ತಲೆ ಹೊರಗೆ ಹಾಕಿದರು. ಐವತ್ತೈದು ದಾಟಿದ ಹೆಂಗಸು, ಗಂಡ ಸತ್ತ ವರ್ಷ ಅಂಗಡಿ ಇಟ್ಟವರು. ಅವರ ಅಂಗಡಿಯಲ್ಲಿ ಕೇಳಿದ್ದು ಸಿಗುವುದಿಲ್ಲ, ಅವರು ಕೊಡಬೇಕೆಂದುಕೊಂಡದ್ದು ಸಿಗುತ್ತದೆ. ಕೆಮ್ಮುತ್ತ ಬಂದವರಿಗೆ ಬೀಡಿ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರು ಮೊದಲು ಒಂದು ಬನ್ನು ತಿನ್ನಬೇಕು. ನಾನು ಕೆಂಪು ಪೆನ್ನು ಕೇಳಿದಾಗ, ‘ಈ ವಾರ ಮಕ್ಳಿಗೆ ಭಾರಿ ತಪ್ಪು ಆಕಿದ್ದೀರಂತೆ, ನೀಲಿ ತಕೊಳಿ’ ಎಂದು ನೀಲಿ ಕೊಟ್ಟಿದ್ದರು.

ಆದೇಶ ಏನೆಂದು ಹೇಳಿದೆ. ಬೀಡಿ ತೆಗೆಯಬೇಕು, ಇಲ್ಲವಾದರೆ ಅಂಗಡಿ ನೂರು ಗಜದಾಚೆ ಹೋಗಬೇಕು.

“ಆಚೆ ಏನೈತೆ ಮೇಷ್ಟ್ರೇ? ಹಳ್ಳ. ಎಮ್ಮೆಗಳ್ಗೆ ಮಾರ್ಲಾ ಬೀಡಿಯ?”

“ಬೀಡಿ ಒಂದು ಬಿಟ್ಟು ಉಳಿದದ್ದೆಲ್ಲ ಮಾರಬಹುದು ಸುಂದ್ರಮ್ನೋರೇ.”

“ಬೀಡಿ ತೆಗುದ್ರೆ ಗಂಡಸರು ಬರಲ್ಲ. ಗಂಡಸರು ಬರ್ದಿದ್ರೆ ಅಂಗಡಿ ಮುಚ್ಚುದಂಗೇ ಕಣ್ರೀ. ಹತ್ತೊಂಬತ್ ವರ್ಸ ಆಯ್ತು. ಹೊಲ ಇಲ್ಲ, ಮನೆ ಇಲ್ಲ, ನನ್ನ ಅನ್ನ ಇರೋದು ಈ ಪೆಟ್ಗೆ ಒಳ್ಗೆ. ಮುಚ್ಚಿ ಅಂದ್ರೆ ಮುಚ್ಚಿ ಬತ್ತೀನಿ, ನಿಮ್ ಸ್ಕೂಲಲ್ಲೇ ಊಟುಕ್ಕೆ ಸಾಲಲ್ಲಿ ಕೂತ್ಕತೀನಿ.”

ಮಕ್ಕಳು ನಕ್ಕರು. ಸುಂದ್ರಮ್ಮ ನಗಲಿಲ್ಲ. ನಾನು ಟೇಪು ಸುತ್ತಿಕೊಂಡು ವಾಪಸ್ ಬಂದೆ. ನಾನೇನೂ ದೊಡ್ಡ ಮನಸ್ಸಿನವನಲ್ಲ. ಅಂಗಡಿ ಮುಚ್ಚಿಸಿದರೆ ಊರು ಬೈಯುತ್ತದೆ, ಮುಚ್ಚಿಸದಿದ್ದರೆ ಇಲಾಖೆ ಬೈಯುತ್ತದೆ. ಊರು ಬೈದದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ. ಇಲಾಖೆ ಬೈಯುವುದು ಬರವಣಿಗೆಯಲ್ಲಿ.

ಅಂದು ಸಂಜೆ ಶಾಲೆಯ ಜಗಲಿಗೆ ಹತ್ತು ಹನ್ನೆರಡು ಜನ ಬಂದು ಕೂತರು. ಮುಂದೆ ಚನ್ನಬಸವಣ್ಣ. ಇವರು ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು. ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷಗಿರಿ ದೊಡ್ಡ ಹುದ್ದೆಯೇನಲ್ಲ, ಆದರೆ ಹೆಸರು ಹಿಡಿದು ಕರೆದರೆ ಇವರು ತಿರುಗುವುದಿಲ್ಲ. ಅಧ್ಯಕ್ಷರೇ ಅನ್ನಬೇಕು. ಮನೆಯಲ್ಲಿ ಹೆಂಡತಿಯೂ ಹಾಗೆಯೇ ಕರೆಯುತ್ತಾರೆ, ಅವರ ದನಿಯಲ್ಲಿ ಮಾತ್ರ ಮರ್ಯಾದೆ ಇರುವುದಿಲ್ಲ. ಇವರ ಬ್ಯಾರನ್ ಸುಂದ್ರಮ್ಮನವರ ಅಂಗಡಿಯ ಹಿಂದೆಯೇ.

“ಮೇಷ್ಟ್ರೇ, ನನ್ನ ಬ್ಯಾರನ್ ಮುಚ್ಚುಸ್ತೀರಂತೆ? ಒಳಗೆ ಸೊಪ್ಪು ಬೇಯ್ತಾ ಐತೆ. ಈಗ ಬೆಂಕಿ ಆರ್ಸುದ್ರೆ ಎಲ್ಲ ಕಪ್ಪಾಯ್ತದೆ.”

“ಬ್ಯಾರನ್‌ಗೆ ಏನೂ ಆಗಲ್ಲ ಅಧ್ಯಕ್ಷರೇ. ಮಾರೋದು ಮಾತ್ರ ನಿಷೇಧ.”

“ಬೆಳೀಬೌದು?”

“ಬೆಳೀಬಹುದು.”

“ಬೇಯಿಸ್ಬೌದು?”

“ಬೇಯಿಸಬಹುದು.”

“ವರ್ಸಕ್ಕೆ ಇಷ್ಟು ಲೋಡು ಸೊಪ್ಪು ಸ್ಕೂಲ್ ಮುಂದೇನೇ ಓಯ್ತದೆ, ಅದು ತಪ್ಪಲ್ಲ. ಸುಂದ್ರಕ್ಕ ಒಂದ್ ಕಟ್ಟು ಬೀಡಿ ಕೊಟ್ರೆ ತಪ್ಪು?”

“ಹೌದು.”

ಚನ್ನಬಸವಣ್ಣ ಉಳಿದವರ ಕಡೆ ತಿರುಗಿದರು. “ಇದನ್ನ ಬರ್ದೋನು ಬೀಡಿ ಸೇದ್ಕಂಡೇ ಬರ್ದವ್ನೆ, ಬುಡ್ರಪ್ಪ.”

ಎಲ್ಲರೂ ನಕ್ಕು ಮುಗಿಸಿದ ಮೇಲೆ ಮತ್ತೆ ಅದೇ ಪ್ರಶ್ನೆ ಉಳಿಯಿತು. ಸುಂದ್ರಮ್ಮ ಜಗಲಿಯ ಕೆಳಗೆ ನಿಂತಿದ್ದರು. ಗೆರೆಯನ್ನು ಸಣ್ಣದಾಗಿ ಎಳೆಯಿರಿ ಎಂದು ಒಬ್ಬರು, ರಾತ್ರಿ ಅಳಿಸಿಬಿಡೋಣ ಎಂದು ಇನ್ನೊಬ್ಬರು. ಆಗ ದೊಡ್ಡಬೀರಯ್ಯ ಕೇಳಿದರು.

“ಮೇಷ್ಟ್ರೇ, ನೂರು ಗಜ ಎಲ್ಲಿಂದ? ಗೇಟಿಂದ ತಾನೆ?”

“ಗೇಟಿನಿಂದ ಅಂತ ಹೇಳಿದ್ದಾರೆ.”

“ಅಂಗಾದ್ರೆ ಅಂಗಡಿ ಯಾಕ್ ಕೀಳ್ಬೇಕು? ಗೇಟ್ ಕೀಳಿ.”

ಎಲ್ಲರ ತಲೆಯೂ ಒಟ್ಟಿಗೆ ಶಾಲೆಯ ಹಿಂಭಾಗಕ್ಕೆ ತಿರುಗಿತು. ಅಲ್ಲಿ ಕೆರೆ ರಸ್ತೆಯ ಕಡೆ ಕಾಂಪೌಂಡ್ ಕುಸಿದು ಎರಡು ವರ್ಷವಾಗಿತ್ತು. ಆ ಸಂದಿಯಿಂದ ದನ ಒಳಗೆ ಬರುತ್ತಿದ್ದವು. ಒಮ್ಮೆ ಒಂದು ಕರು ಮೂರನೇ ತರಗತಿಯಲ್ಲಿ ಮಧ್ಯಾಹ್ನದ ತನಕ ಕೂತಿತ್ತು. ಅದನ್ನು ಮುಚ್ಚಿಸಿಕೊಡಿ ಎಂದು ನಾಲ್ಕು ಅರ್ಜಿ ಬರೆದಿದ್ದೆ. ಇದೇ ಜನರನ್ನು ಶ್ರಮದಾನಕ್ಕೆ ಕರೆದಾಗ ಎಲ್ಲರಿಗೂ ಬ್ಯಾರನ್ ಕೆಲಸ ಇತ್ತು.

ಈಗ ಮೂರೇ ದಿನ ಹಿಡಿಯಿತು. ಒಬ್ಬರ ಮನೆಯಿಂದ ಇಟ್ಟಿಗೆ, ಇನ್ನೊಬ್ಬರ ಮನೆಯಿಂದ ಮರಳು, ಚನ್ನಬಸವಣ್ಣನವರ ಬ್ಯಾರನ್ ರಿಪೇರಿಗೆ ತಂದಿಟ್ಟ ಸಿಮೆಂಟು. ಮುಂದಿನ ಕಬ್ಬಿಣದ ಗೇಟು ಕಿತ್ತು ಹಿಂದೆ ನಿಲ್ಲಿಸಿದರು, ಮುಂದಿನ ಜಾಗಕ್ಕೆ ಗೋಡೆ ಎಬ್ಬಿಸಿದರು. ದೊಡ್ಡಬೀರಯ್ಯ ಹೊಸ ಗೇಟಿನಿಂದ ಕೆರೆ ರಸ್ತೆ ಹಿಡಿದು, ಪಂಪ್‌ಹೌಸ್ ಬಳಿ ತಿರುಗಿ, ಸುಂದ್ರಮ್ಮನವರ ಅಂಗಡಿಯ ತನಕ ನಡೆದು, “ನೂರ ಹದಿನೆಂಟು!” ಎಂದು ಕೂಗಿದರು. ಚಪ್ಪಾಳೆ ಬಿತ್ತು. ನೂರು ಗಜ ಮುಗಿಯುವ ಕಡೆ, ಅಂಗಡಿಗಿಂತ ಹದಿನೆಂಟು ಗಜ ಈಚೆಗೆ, ಹಳದಿ ಗೆರೆ ಎಳೆದೆವು. ಸುಂದ್ರಮ್ಮ ಎಲ್ಲರಿಗೂ ಟೀ ಮಾಡಿ ಕೊಟ್ಟರು. ಕೆಲಸದ ಮಧ್ಯೆ ಸೇದಿದ ಬೀಡಿಗೆ ಲೆಕ್ಕವಿಲ್ಲ.

ಒಂದೇ ತೊಂದರೆ ಎಂದರೆ, ಈಗ ಶಾಲೆಗೆ ಬರುವವರಿಗೆ ಮೊದಲು ಕಾಣುವುದು ಶೌಚಾಲಯ, ಆಮೇಲೆ ಅಡುಗೆಮನೆ, ಕೊನೆಗೆ ಶಾಲೆಯ ಬೆನ್ನು. ಸಿಆರ್‌ಪಿ ಬಂದವರು ಇದನ್ನು ಗಮನಿಸಲಿಲ್ಲ. ಹಳದಿ ಗೆರೆಯ ಪಕ್ಕದಲ್ಲಿ ನಿಂತು ತಮ್ಮದೊಂದು ಫೋಟೊ ತೆಗೆಸಿಕೊಂಡರು. “ಸಮುದಾಯದ ಸಹಭಾಗಿತ್ವ ಅಂತ ಬರೀರಿ,” ಎಂದು ಹೇಳಿ ಹೋದರು. ಬರೆದೆ.

ಇದಾಗಿ ಹತ್ತು ದಿನಕ್ಕೆ, ಸಂಜೆ ಶಾಲೆ ಬಿಟ್ಟ ಮೇಲೆ, ಪೆನ್ನು ತರಲು ಸುಂದ್ರಮ್ಮನವರ ಅಂಗಡಿಗೆ ಹೋದೆ. ಅವರು ಕೆನ್ನೆಗೆ ಕೈ ಕೊಟ್ಟುಕೊಂಡು ಎದುರಿನ ಹೊಸ ಗೋಡೆಯನ್ನು ನೋಡುತ್ತಿದ್ದರು. ಬರಣಿಗಳಲ್ಲಿ ಮಿಠಾಯಿ ಕುತ್ತಿಗೆ ಮಟ್ಟ ತುಂಬಿತ್ತು.

“ವ್ಯಾಪಾರ ಹೇಗಿದೆ?”

“ಬೆಳಿಗ್ಗೆ ಆರ್ಗಂಟೆಗೆ ಒಂದಷ್ಟು ಜನ ಬತ್ತಾರೆ, ಸಂಜೆ ಬ್ಯಾರನ್‌ಗೆ ಸೌದೆ ಆಕಿ ಒಂದಷ್ಟು ಜನ ಬತ್ತಾರೆ. ನಡುವೆ ಈ ಗೋಡೆ ನೋಡ್ತೀನಿ.” ಅವರು ಪೆನ್ನು ಹುಡುಕುವುದನ್ನು ಬಿಟ್ಟು ನನ್ನ ಕಡೆ ನೋಡಿದರು. “ಮಕ್ಳು ದಿನುಕ್ಕೆ ಮೂರ್ಸಲ ಬರೋವು ಮೇಷ್ಟ್ರೇ. ಪೆನ್ಸಿಲು, ರಬ್ಬರು, ಮಿಠಾಯಿ, ಬನ್ನು. ಈಗ ಒಂದೂ ಈ ಕಡೆ ಸುಳಿಯಲ್ಲ. ನಾನು ಬೀಡಿ ತೆಗುದ್ರೆ ಅಂಗಡಿ ಓಯ್ತು ಅಂತ ಅತ್ಕಂಡೆ. ನನ್ನ ಸಾಕ್ತಿದ್ದೋವು ಆ ಚಿಲ್ಟಾರಿಗಳು. ಹತ್ತೊಂಬತ್ ವರ್ಸ ಕೂತಿದ್ರೂ ಗೊತ್ತಾಗ್ಲಿಲ್ಲ ನೋಡಿ ನಂಗೆ. ಹಿಂಗೇ ಆದ್ರೆ ಯುಗಾದಿ ಗಂಟ ನಡೆಯಕಿಲ್ಲ ಈ ಅಂಗಡಿ.”

ನನಗೂ ಹೊಳೆದಿರಲಿಲ್ಲ. ಮಕ್ಕಳು ಹೊಸ ಗೇಟಿನ ಎದುರಿನ ಓಣಿ ಹಿಡಿದು ನೇರ ಮನೆಗೆ ಹೋಗುತ್ತಿದ್ದರು.

“ಊಟದ ಬೆಲ್ ಆದಾಗ ಈ ಕಡೆ ಬುಡಿ ಅವುನ್ನ.”

“ಕೆರೆ ರಸ್ತೆ ಸುಂದ್ರಮ್ನೋರೇ. ಟ್ರಾಕ್ಟರ್ ಓಡಾಡುತ್ತೆ. ಮೀನಾ ಮೇಡಂ ಬಿಡಲ್ಲ, ನಾನೂ ಬಿಡಲ್ಲ.”

“ಬುಡಬ್ಯಾಡಿ ಅಂಗಾದ್ರೆ.” ಅವರು ಬರಣಿಯೊಂದರ ಮುಚ್ಚಳ ಬಿಗಿ ಮಾಡಿದರು. “ನಾನೇ ಬತ್ತೀನಿ ಅಲ್ಲಿಗೆ.”

“ಅಲ್ಲಿ ಬೀಡಿ ಮಾರೋಹಾಗಿಲ್ಲ.”

“ನಂಗೆ ಓದಕ್ ಬರ್ದಿದ್ರೂ ಹಳದಿ ಕಾಣ್ತದೆ ಕಣ್ರೀ.”

ಭಾನುವಾರ ಅವರು ಕರೆದದ್ದು ಗೇಟು ಹೊತ್ತವರನ್ನೇ. ಮಕ್ಕಳಿಗೆ ಹತ್ತಿರವಾಗಲಿ ಎಂದಷ್ಟೇ ಹೇಳಿದರಂತೆ. ಎಂಟು ಜನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಪಂಪ್‌ಹೌಸ್ ಸುತ್ತಿ ತಂದು ಹೊಸ ಗೇಟಿನ ಪಕ್ಕ ಇಳಿಸಿದರು. ಚನ್ನಬಸವಣ್ಣ ಮುಂದೆ ನಡೆಯುತ್ತ ದಾರಿ ಬಿಡಿಸಿದರಂತೆ. ಇಳಿಸಿದ ಮೇಲೆ ಸುಂದ್ರಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟರಂತೆ. ಆಗಲೂ ಯಾರಿಗೂ ಹೊಳೆಯಲಿಲ್ಲ.

ಸೋಮವಾರ ನಾನು ಬರುವಷ್ಟರಲ್ಲಿ ಅಂಗಡಿಯ ಮುಂದೆ ಮಕ್ಕಳು ಮುತ್ತಿಕೊಂಡಿದ್ದರು. ಆ ಗುಂಪಿನಲ್ಲಿ ಸೊಂಟದಿಂದ ಮೇಲೆ ಕಾಣುತ್ತಿದ್ದವರು ಚನ್ನಬಸವಣ್ಣ ಒಬ್ಬರೇ.

“ಸುಂದ್ರಕ್ಕ, ಒಂದ್ ಕಟ್ಟು ಕೊಡು.”

“ಇಲ್ಲ.”

“ಖಾಲಿಯಾ?”

“ಖಾಲಿ ಅಲ್ಲ. ಇಲ್ಲ. ಬೀಡಿ ಕಂಪ್ನಿಯೋನ್ಗೆ ಇನ್ನು ತರಬ್ಯಾಡ ಅಂತ ಯೋಳಿವ್ನಿ. ನೀವ್ ನಿಂತಿರೋದು ಗೆರೆ ಒಳ್ಗೆ ಅಧ್ಯಕ್ಷರೇ.”

ಚನ್ನಬಸವಣ್ಣ ಮಕ್ಕಳ ತಲೆಗಳ ಮೇಲಿಂದ ನನ್ನನ್ನು ನೋಡಿದರು. “ಏನ್ ಮೇಷ್ಟ್ರೇ ಇದು?”

“ಆದೇಶ,” ಎಂದೆ.

“ಮೂರ್ ದಿನ ಕೆಲ್ಸ ಬುಟ್ಟು ಗೇಟ್ ಕಿತ್ತಿದ್ದು ಯಾತುಕ್ಕೆ ನಾವು? ನಿನ್ನ ಅಂಗಡಿ ಉಳೀಲಿ ಅಂತ ತಾನೆ?”

“ಉಳುದೈತಲ್ಲ,” ಎಂದರು ಸುಂದ್ರಮ್ಮ. ಒಂದು ಕೈ ರಬ್ಬರು ಕೊಡುತ್ತಿತ್ತು, ಇನ್ನೊಂದು ಕೈ ಬನ್ನು ಕೊಡುತ್ತಿತ್ತು. “ನಿಮ್ಮಿಂದ್ಲೇ ಉಳಿದಿದ್ದು. ಇಲ್ಲ ಅಂತೀನಾ?”

“ಮತ್ತೆ ಬೀಡಿ?”

“ಬೀಡಿ ನಿಮ್ದು. ಅಂಗಡಿ ನಂದು.”

ಅಷ್ಟರಲ್ಲಿ ಇನ್ನೂ ನಾಲ್ಕೈದು ಜನ ಬಂದು ಸೇರಿದ್ದರು. ಬೇರೆ ಯಾರಾದರೂ ಹಳೆಯ ಜಾಗದಲ್ಲಿ ಬೀಡಿ ಇಟ್ಟುಕೊಂಡು ಕೂರಬಹುದಲ್ಲ ಎಂದು ದೊಡ್ಡಬೀರಯ್ಯ ಹೇಳಿದರು. ಎಲ್ಲರೂ ಒಪ್ಪಿದರು, ಕೂರುವುದಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಒಬ್ಬೊಬ್ಬರ ಬ್ಯಾರನ್‌ನಲ್ಲೂ ಸೊಪ್ಪಿತ್ತು. ಬ್ಯಾರನ್ ಬಿಟ್ಟು ಬಂದರೆ ಸೊಪ್ಪು ಹಾಳು. ಚನ್ನಬಸವಣ್ಣನವರಿಗೆ ಸಿಟ್ಟು ನೆತ್ತಿಗೇರಿತ್ತು. ಗೇಟಿನ ಸರಳು ಹಿಡಿದು ಅಲ್ಲಾಡಿಸಿ ನೋಡಿದರು. ಅವರದೇ ಸಿಮೆಂಟು, ಅಲ್ಲಾಡಲಿಲ್ಲ.

“ನೋಡ್ತಿರು ಸುಂದ್ರಕ್ಕ. ನಾಳೇನೇ ಈ ಗೇಟ್ ಕಿತ್ತು ಮೊದ್ಲಿನ ಜಾಗುಕ್ಕೇ ಆಕ್ತೀವಿ.”

“ಆಕಿ. ಮಕ್ಳು ಯಾವ್ ಕಡೆಯಿಂದ ಬತ್ತಾವೋ ನಾನು ಆ ಕಡೇಗೇ ಬತ್ತೀನಿ. ಪೆಟ್ಗೆ ಹೊರಾಕೆ ನೀವಿದ್ದೀರಲ್ಲ.”

ಹಿಂದೆ ನಿಂತಿದ್ದವರು ಯಾರೋ ನಕ್ಕರು. ಎರಡನೇ ತರಗತಿಯ ಹುಡುಗಿಯೊಬ್ಬಳು ಅಧ್ಯಕ್ಷರ ಪಂಚೆ ಜಗ್ಗಿ, “ತಾತ, ಅತ್ಲಾಗ್ ನಿಂತ್ಕೋ, ನಂಗೆ ಪೆನ್ಸಿಲ್ ಬೇಕು,” ಎಂದಳು. ಅವರು ಸರಿದು ನಿಂತರು. ಜೇಬು ತಡಕಿದರು, ಒಂದು ಬೀಡಿಯೂ ಸಿಗಲಿಲ್ಲ. ಆಮೇಲೆ ನನ್ನ ಬೈಕಿನ ಕಡೆ ನೋಡಿದರು.

“ಮೇಷ್ಟ್ರೇ, ಬಿಳಿಕೆರೆಗೆ ಓಗಿ ಬರಾಕೆ ಎಷ್ಟೊತ್ತು ಆಗ್ಬೌದು?”

“ಪ್ರಾರ್ಥನೆ ಟೈಮ್ ಆಯ್ತು ಅಧ್ಯಕ್ಷರೇ,” ಎಂದು ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆ.